ಈಜು ಮೇಷ್ಟ್ರ ಭುಜದ ಜೆಲ್

ಕ್ಲಿನಿಕ್ಕಿನ ಬೆಂಚಿನ ಮೇಲೆ ಈಜು ಮೇಷ್ಟ್ರಿಗೆ ಕೂತಲ್ಲಿ ಕೂರಲಾಗಲಿಲ್ಲ. ಗಡಿಯಾರ ನೋಡಿದರು, ನೀರು ಕುಡಿದರು, ಮತ್ತೆ ಗಡಿಯಾರ ನೋಡಿದರು. ಗಂಡಸರಿಗೆಂದೇ ಬಂದ ಗರ್ಭನಿರೋಧಕ ಹಾರ್ಮೋನ್ ಜೆಲ್‌ನ ಪ್ರಯೋಗಕ್ಕೆ ತಾವಾಗಿಯೇ ಹೆಸರು ಕೊಟ್ಟವರು. ದಿನಕ್ಕೊಮ್ಮೆ ಎರಡೂ ಭುಜಕ್ಕೆ ಹಚ್ಚಬೇಕು; ಮೂರು ತಿಂಗಳಲ್ಲಿ ವೀರ್ಯಾಣುಗಳ ಸಂಖ್ಯೆ ನೆಲ ಕಚ್ಚಬೇಕು. ಕಚ್ಚಿದ ದಿನವೇ ಹೆಂಡತಿ ಮಾತ್ರೆ ಬಿಡಬಹುದು. ಆ ಮಾತ್ರೆಯಿಂದ ಅವಳಿಗೆ ದಿನವೂ ತಲೆಸಿಡಿತ, ವಾಂತಿ. ಕಾಂಡೋಮ್ ನಂಬೋಣವೆಂದರೆ, ಅದು ಹರಿದದ್ದಕ್ಕೆ ಸಾಕ್ಷಿಯಾಗಿ ಎರಡನೇ ಮಗಳು ಮನೆ ತುಂಬ ಓಡಾಡುತ್ತಿದ್ದಾಳೆ.

ಸಿಸ್ಟರ್ ರಿಪೋರ್ಟ್ ಹಿಡಿದು ಒಳಗೆ ಕರೆದರು.

"ಮೇಷ್ಟ್ರೇ, ಹತ್ತು ಲಕ್ಷದೊಳಗೆ ಇಳೀಬೇಕಿತ್ತು. ನಾಲ್ಕು ಕೋಟಿ ಇದೆ."

"ಇಷ್ಟು ವೋಟು ಬಿದ್ದಿದ್ರೆ, ಮಹಾಜನರೇ..." ಎಂದು ಮೇಷ್ಟ್ರು ತಮ್ಮ ಎಂದಿನ ಮಿಮಿಕ್ರಿಯಲ್ಲಿ ಮಂತ್ರಿಯ ದನಿ ತೆಗೆದರು. ದನಿ ಅರ್ಧಕ್ಕೇ ಒಡೆಯಿತು. ಸಿಸ್ಟರ್ ನಗಲಿಲ್ಲ.

"ದಿನಾ ಹಚ್ತಿದ್ರಾ?"

"ಮಕ್ಕಳಾಣೆಗೂ!" ಎಂದು ನಾಲಿಗೆ ಕಚ್ಚಿಕೊಂಡರು, ಆ ಆಣೆಗೆ ಇದು ಜಾಗವಲ್ಲ. "ಬೆಳಿಗ್ಗೆ ಐದೂವರೆಗೆ, ಒಂದಿನಾನೂ ತಪ್ಪಿಸಿಲ್ಲ."

"ಹಚ್ಚಿದ್ಮೇಲೆ ನಾಲ್ಕು ಗಂಟೆ ಸ್ನಾನ ಬೇಡ ಅಂದಿದ್ದೆ."

"ಸ್ನಾನ ಸಂಜೆಗೆ ಹಾಕ್ಕೊಂಡಿದೀನಿ. ಬೇಕಾದ್ರೆ ಹೆಂಡ್ತಿನ ಕೇಳಿ."

"ಬೆಳಿಗ್ಗೆ ಆರು ಗಂಟೆಗೆ ಏನ್ಮಾಡ್ತೀರಿ?"

"ಕ್ಲಾಸು. ಮೂರು ಬ್ಯಾಚು. ಒಂಬತ್ತರವರೆಗೂ ಕೊಳದಲ್ಲೇ..."

ಮೇಷ್ಟ್ರು ತಮ್ಮ ಭುಜ ಮುಟ್ಟಿ ನೋಡಿಕೊಂಡರು. ಹದಿನೆಂಟು ವರ್ಷದಿಂದ ಕೊಳಕ್ಕಿಳಿಯುವುದು ಅವರಿಗೆ ಡ್ಯೂಟಿ. ಸ್ನಾನವೆಂದರೆ ಬಕೆಟ್ಟು, ಸೋಪು. ಮೂರು ತಿಂಗಳ ಔಷಧಿಯನ್ನು ಒಂದು ತೊಟ್ಟೂ ಉಳಿಸದೆ ಕ್ಲೋರಿನ್ ನೀರಿಗೆ ಧಾರೆ ಎರೆದಿದ್ದರು.

"ಇನ್ಮೇಲೆ ಕ್ಲಾಸು ಮುಗಿಸಿ, ಮೈ ಒರೆಸ್ಕೊಂಡು ಹಚ್ಚಿ," ಎಂದರು ಸಿಸ್ಟರ್, ಈಗ ನಗು ತಡೆಯಲು ತುಟಿ ಬಿಗಿಹಿಡಿದು. "ಮತ್ತೆ ಮೊದಲಿಂದ ಮೂರು ತಿಂಗಳು."

ಮೆಟ್ಟಿಲಿಳಿಯುವ ಮೊದಲೇ ಹೆಂಡತಿಯ ಫೋನು.

"ಏನಂದ್ರು? ಇವತ್ತಿಂದ ಬಿಡ್ಲಾ?"

ಡಾಕ್ಟರ ದನಿಯಲ್ಲಿ ಏನಾದರೂ ಹಾರಿಸಬಹುದಿತ್ತು. ಯಾರ ದನಿಯೂ ಬರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ಅಂದ್ರೆ ಇನ್ನೂ ಮೂರು ತಿಂಗಳು ನನ್ನ ತಲೆ ಸಿಡೀಬೇಕು."

ಮೇಷ್ಟ್ರು ಮೆಟ್ಟಿಲನ್ನು ಎರಡು ಸಲ ಇಳಿದು ಹತ್ತಿದರು.

"ಬೇಡ ಕಣೆ. ಮಾತ್ರೆ ಬಿಡು. ನಾನು ಮುಂದಿನ ರೂಮಲ್ಲಿ ಮಲಗ್ತೀನಿ."

"ಮೂರು ತಿಂಗಳು? ನೀವು?"

"ನಾನೇ."

ಆ ಕಡೆ ನಗುವೋ ಬಿಕ್ಕೋ, ತಿಳಿಯಲಿಲ್ಲ.

"ಸರಿ, ಇವತ್ತಿಂದ ನುಂಗಲ್ಲ. ಆ ರೂಮಲ್ಲಿ ಫ್ಯಾನಿಲ್ಲ, ನೆನಪಿರಲಿ," ಎಂದು ಫೋನ್ ಇಟ್ಟಳು.