ಹಸಿರಾಗಿಯೇ ಉಳಿದ ದ್ವೀಪ

ಪರದೆಯ ಮೇಲೆ ಮತ್ತೆ ಕೆಂಪು ಅಕ್ಷರಗಳು ಸರಸರನೆ ಹರಿದು ಬಂದು ನಿಂತವು. ವಿಲಿಮೈನಾ ಪಕ್ಕದ ಮೇಜಿನ ಶಲೇಂದ್ರನತ್ತ ತಿರುಗಿದಳು.

"ಭಾಯ್, ನನ್ನ ಲ್ಯಾಪ್‌ಟಾಪಲ್ಲಿ ಬಿಲ್ಡ್ ಆಗುತ್ತೆ. ಸರ್ವರಲ್ಲಿ ಯಾಕೆ ಆಗ್ತಿಲ್ಲ?"

"ಸರ್ವರ್‌ಗೆ ನಿನ್ನ ಮುಖ ಹಿಡಿಸಲಿಲ್ಲ ಅನ್ಸುತ್ತೆ," ಎಂದ ಶಲೇಂದ್ರ. ಆದರೆ ಅವನೂ ನಗಲಿಲ್ಲ.

ದ್ವೀಪರಾಷ್ಟ್ರದ ರಾಜಧಾನಿ ಸುವಾದ ಆ ಪುಟ್ಟ ಕಚೇರಿಯಿಂದ ಹೊರದ್ವೀಪಗಳಿಗೆ ಚಂಡಮಾರುತದ ಎಚ್ಚರಿಕೆ ಹೋಗುತ್ತಿತ್ತು. ಪ್ರತಿ ಹಳ್ಳಿಯ ಚರ್ಚಿನ ಗೋಡೆಯಲ್ಲೊಂದು ಡಬ್ಬಿ. ಗಂಡಾಂತರವಿಲ್ಲದಿದ್ದರೆ ಹಸಿರು ದೀಪ. ಇದ್ದರೆ ಕೆಂಪು ದೀಪ, ಜೊತೆಗೆ ಸೈರನ್. ಉಪಗ್ರಹದ ಮೂಲಕ ಡಬ್ಬಿಗಳಿಗೆ ಸುದ್ದಿ ಮುಟ್ಟಿಸುವ ಪ್ರೋಗ್ರಾಮು ಇವರಿಬ್ಬರದೇ. ಈ ವಾರ ಹವಾಮಾನ ಇಲಾಖೆ ತನ್ನ ವಲಯಗಳ ಹೆಸರು ಬದಲಿಸಿತ್ತು. ಹೊಸ ಹೆಸರಿನ ಗುರುತು ಹತ್ತದೆ ಪ್ರೋಗ್ರಾಮು ಸುಮ್ಮನೆ ಕೂತಿತ್ತು. ಬಿರುಗಾಳಿ ನೇರ ಮೊವಾಲಾ ದ್ವೀಪದತ್ತ ತಿರುಗಿದ್ದರೂ ಅಲ್ಲಿ ದೀಪ ಹಸಿರಾಗಿಯೇ ಉರಿಯುತ್ತಿತ್ತು.

ಮೊವಾಲಾದ ನಾಕೋರೊ ವಿಲಿಮೈನಾಳ ಊರು. ಅಮ್ಮ ಅಲ್ಲೇ ಇದ್ದಳು, ಕಡಲಂಚಿನ ಮನೆಯಲ್ಲಿ. ಫೋನಿನ ಟವರು ಬೆಳಿಗ್ಗೆಯೇ ಕೈಕೊಟ್ಟಿತ್ತು.

"ರೇಡಿಯೋದಲ್ಲಿ ಹೇಳ್ತಾರಲ್ಲ, ವಿಲಿ."

"ದೀಪ ಹಸಿರಿದ್ರೆ ರೇಡಿಯೋ ಯಾರು ಕೇಳ್ತಾರೆ? ಡಬ್ಬಿ ಹಾಕಿಸಿದಾಗ ಊರವರನ್ನೆಲ್ಲ ಕೂರಿಸಿಕೊಂಡು ಇದನ್ನೇ ನಂಬಿ ಅಂತ ಹೇಳಿದವಳು ನಾನೇ ಅಲ್ವಾ?"

ವಲಯದ ಹೆಸರು ತಿದ್ದಿದ್ದಾಗಿತ್ತು. ಆದರೆ ಸರ್ವರಿನಲ್ಲೇ ಬಿಲ್ಡ್ ಆಗಿ, ಅಂದರೆ ಬರೆದ ಸಾಲುಗಳು ಅಲ್ಲೇ ಓಡುವ ರೂಪಕ್ಕೆ ಬಂದು, ಅದರದೇ ಗುಪ್ತ ಮೊಹರು ಬಿದ್ದ ಪ್ರೋಗ್ರಾಮಿನ ಮಾತನ್ನಷ್ಟೇ ಡಬ್ಬಿಗಳು ಕೇಳುತ್ತಿದ್ದವು. ಕೆಂಪು ಅಕ್ಷರಗಳು ಯಾವುದೋ ಕಡತ ಸಿಗುತ್ತಿಲ್ಲ ಎಂದು ದೂರುತ್ತಿದ್ದವು. ಕಡತ ಅಲ್ಲೇ ಇತ್ತು. ಅವಳು ಅದನ್ನು ತೆಗೆದು, ಮತ್ತೆ ಇಟ್ಟು, ಮತ್ತೆ ಓಡಿಸಿದಳು. ಅದೇ ದೂರು. ಕಿಟಕಿಯ ಗಾಜು ಗಾಳಿಗೆ ಗಡಗಡ ಅಲುಗಿದಾಗ ಅವಳ ಬೆರಳುಗಳು ಕೀಲಿಮಣೆಯ ಮೇಲೆ ದಾರಿ ತಪ್ಪಿದವು.

"ತಡಿ," ಎಂದ ಶಲೇಂದ್ರ. "ನಿನ್ನ ಬಿಲ್ಡ್ ಟೂಲ್ ವರ್ಷನ್ ಎಷ್ಟು?"

"ಎಂಟು."

ಅವನು ಸರ್ವರಿನಲ್ಲಿ ಕೇಳಿ ನೋಡಿದ. "ಇಲ್ಲಿ ಏಳು. ಏಳಕ್ಕೆ ನಿನ್ನ ಬರವಣಿಗೆ ಅರ್ಥಾನೇ ಆಗ್ತಿಲ್ಲ ಕಣೇ. ಅದಕ್ಕೇ ಬಾಯಿಗೆ ಬಂದಿದ್ದು ಹೇಳ್ತಿದೆ."

ಸರ್ವರಿಗೂ ಎಂಟನ್ನು ಹಾಕಿದರು. ಈಗ ಸರ್ವರಿನಲ್ಲಷ್ಟೇ ಇದ್ದ, ಏಳಕ್ಕೆ ಒಗ್ಗಿದ ಹಳೆಯ ಭಾಗಗಳೆಲ್ಲ ಒಟ್ಟಿಗೆ ಮುರಿದುಬಿದ್ದವು. ಮೊದಲಿಗಿಂತ ಉದ್ದವಾಗಿ ಕೆಂಪು ಹರಿಯಿತು. ಇದ್ದದ್ದನ್ನೂ ಕೆಡಿಸಿದೆವೇ? ವಿಲಿಮೈನಾ ಆ ಸಾಲುಗಳನ್ನು ಕೊನೆಯವರೆಗೂ ಓದಿದಳು.

"ಹಿಂದಕ್ಕೆ ಏಳೇ ಹಾಕಿ ಭಾಯ್. ಅದನ್ನ ಎತ್ತೋದು ಬೇಡ, ನಾನೇ ಇಳಿತೀನಿ."

ತನ್ನ ಲ್ಯಾಪ್‌ಟಾಪಿಗೂ ಏಳನ್ನೇ ಹಾಕಿದಳು. ಸರ್ವರಿನ ದೂರೇ ಅಲ್ಲೂ ಅಕ್ಷರಶಃ ಬಂದಾಗ, ಆ ಭಯದ ನಡುವೆಯೂ ಜೀವ ಬಂದಂತಾಯಿತು. ಕೊನೆಗೂ ಎರಡೂ ಯಂತ್ರಗಳು ಒಂದೇ ಮಾತಾಡುತ್ತಿದ್ದವು. ತಕರಾರಿನ ಸಾಲುಗಳನ್ನು ಒಂದೊಂದಾಗಿ ಹಳೆಯ ರೀತಿಗೆ ತಿರುಗಿಸಿ ಬರೆದಳು.

"ಮೆಲ್ಲಗೆ, ಮಾರಾಯ್ತಿ. ಬ್ರಾಕೆಟ್ ಬಿಟ್ಟೆ ನೋಡು."

"ನೀವು ಉಸಿರಾಡ್ತಾ ಇರಿ, ಅಷ್ಟು ಸಾಕು."

ಬಿಲ್ಡ್ ಆಯಿತು. ಸರ್ವರಿನಲ್ಲೂ ಆಯಿತು. ಪರದೆಯ ಮೇಲೆ ಮೊವಾಲಾದ ಹಳ್ಳಿಗಳು ಒಂದರ ಹಿಂದೊಂದು ಕೆಂಪಾದವು. ಎಚ್ಚರಿಕೆ ಕಂಡವರು ಡಬ್ಬಿಯ ಗುಂಡಿ ಒತ್ತಿದರೆ ಇಲ್ಲಿಗೆ ಉತ್ತರ ಬರಬೇಕು. ಎಲ್ಲ ಕಡೆಯಿಂದ ಬಂತು. ನಾಕೋರೊದಿಂದ ಮಾತ್ರ ಇಲ್ಲ.

"ಎಲ್ಲ ಆಗಲೇ ಓಡಿರಬಹುದು," ಎಂದ ಶಲೇಂದ್ರ.

ಪರದೆ ಮಿನುಗಿತು: ನಾಕೋರೊ. ಮತ್ತೆ ನಾಕೋರೊ. ಮತ್ತೆ, ಮತ್ತೆ. ಯಾರೋ ಬಾಗಿಲು ಬಡಿದಂತೆ ಗುಂಡಿ ಒತ್ತುತ್ತಲೇ ಇದ್ದರು. ಆಮೇಲೆ ಅದೂ ನಿಂತಿತು.

ಅಂದು ಮತ್ತೇನೂ ತಿಳಿಯಲಿಲ್ಲ. ಮರುದಿನ ವಿಮಾನದಿಂದ ತೆಗೆದ ಚಿತ್ರಗಳು ಬಂದವು. ನಾಕೋರೊದ ಕಡಲಂಚಿನಲ್ಲಿ ಮನೆಗಳಿರಲಿಲ್ಲ. ಚರ್ಚಿನದು ಒಂದೇ ಗೋಡೆ ಉಳಿದಿತ್ತು. ಶಲೇಂದ್ರ ಮುಂದಿನ ಚಿತ್ರ ತೆರೆದ. ಗುಡ್ಡದ ಮೇಲಿನ ಶಾಲೆ. ಅದರ ಬೇಲಿಯುದ್ದಕ್ಕೂ ಒದ್ದೆ ಬಟ್ಟೆ ಹರವಿದ್ದರು, ಕೆಂಪು, ನೀಲಿ, ಹೂವಿನದು. ವಿಲಿಮೈನಾ ಪರದೆಗೆ ಮುಖ ತಾಗುವಷ್ಟು ಬಾಗಿ, ಅಮ್ಮನದು ಇದೆಯೇ ಎಂದು ಒಂದೊಂದು ಬಟ್ಟೆಯನ್ನೂ ದೊಡ್ಡದು ಮಾಡಿ ನೋಡತೊಡಗಿದಳು.