ಪ್ರೈಮರ್ ಹೊಡೆಯದ ಗೋಡೆ

ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ ಪೇಂಟರ್‌ನ ಮನೆಯ ಆಡಳಿತ ಅವನ ಅಕ್ಕನ ಕೈಗೆ ಹೋಯಿತು. ಮದುವೆಮನೆಗಳಲ್ಲಿ ಅಡುಗೆಯವರನ್ನೇ ನಡುಗಿಸಿದ್ದ ಆಕೆಗೆ ದುಃಖವೂ ಅಚ್ಚುಕಟ್ಟಾಗಿ ಮುಗಿಸಬೇಕಾದ ಒಂದು ಕಾರ್ಯಕ್ರಮ. ಹೆತ್ತ ತಾಯಿಯ ಮುಂದೆ ಮಗುವಿನ ಮಾತೆತ್ತಕೂಡದು ಎಂದು ಆಜ್ಞೆಯಾಯಿತು. ಕಣ್ಣಿಗೆ ಬಿದ್ದರೆ ನೆನಪಾಗುವಂಥ ಚಪ್ಪಲಿ, ಚೀಲ, ಬಾಚಣಿಗೆಗಳೆಲ್ಲ ಅಕ್ಕನ ಮನೆಯ ಅಟ್ಟ ಸೇರಿದವು.

ಕಷ್ಟವಾದದ್ದು ಸಾಂತ್ವನ ಹೇಳಲು ಬಂದವರಿಗೆ. ಯಾತಕ್ಕೆ ಸಾಂತ್ವನ ಎಂದು ಹೇಳುವಂತಿಲ್ಲ. ಅಕ್ಕನ ಗಂಡ ತನ್ನ ಮಂಡಿನೋವಿನ ಚರಿತ್ರೆ ಒಪ್ಪಿಸಿ ಎದ್ದುಹೋದ. ಎದುರುಮನೆಯಾಕೆ ಬಾಯಿತಪ್ಪಿ ಶಾಲೆಯ ಸುದ್ದಿ ತೆಗೆದಳು, ಅಕ್ಕ ಕೆಮ್ಮಿದಳು, ಬಂದಾಕೆ ಗೊಳೋ ಎಂದು ಅತ್ತಳು. ಕೊನೆಗೆ ತಾಯಿಯೇ ಆಕೆಗೆ ನೀರು ಕೊಟ್ಟು ಬೆನ್ನು ಸವರಬೇಕಾಯಿತು. "ಎಷ್ಟು ಗಟ್ಟಿಗಿತ್ತಿ ಕಣ್ರೀ!" ಎಂದು ಹೊಗಳಿ ಆಕೆ ಹೋದಳು.

ಉಳಿದದ್ದು ಪಡಸಾಲೆಯ ಗೋಡೆ. ಮಗಳು ಕೆಂಪು ಕ್ರೇಯಾನಿನಲ್ಲಿ ಅದರ ತುಂಬ ಗೀಚಿದ್ದಳು.

"ಲೋ, ಊರವರ ಗೋಡೆಗೆಲ್ಲ ಬಣ್ಣ ಹೊಡೀತೀಯ, ಇದಕ್ಕೇನು ದಾಡಿ? ನೋಡಿ ನೋಡಿ ನಿನ್ನ ಹೆಂಡ್ತಿ ಸೊರಗ್ತಿದ್ದಾಳೆ."

"ಅವಳು ಹಾಗಂದಳಾ ಅಕ್ಕ?"

"ಬಾಯಿಬಿಟ್ಟು ಅಂತಾಳಾ? ನಾವೇ ಅರ್ಥ ಮಾಡ್ಕೋಬೇಕು."

ಹೆಂಡತಿಯನ್ನು ಕೇಳೋಣವೆಂದರೆ ಮಗುವಿನ ಮಾತು ಬರುತ್ತದೆ. ಪೇಂಟರ್ ಬ್ರಷ್ ಹಿಡಿದ. ಕ್ರೇಯಾನಿನ ಮೇಣ ಮುಚ್ಚಬೇಕಾದರೆ ಮೊದಲು ಆಯಿಲ್ ಪ್ರೈಮರ್ ಹೊಡೆಯಬೇಕು, ಇಲ್ಲದಿದ್ದರೆ ಕೆಂಪು ಮತ್ತೆ ಮೇಲೆ ಬರುತ್ತದೆ. ಈ ತಪ್ಪು ಮಾಡಿದ ಹುಡುಗರನ್ನು ಅವನೇ ಕೆಲಸದಿಂದ ಓಡಿಸಿದ್ದುಂಟು. ತನ್ನ ಮನೆಯಲ್ಲಿ ಮಾತ್ರ ನೇರವಾಗಿ ಬಣ್ಣವನ್ನೇ ಹೊಡೆದ. ಕೆಂಪು ಇಣುಕಿತು. ಎರಡನೇ ಕೋಟು ಹೊಡೆದ. ಮತ್ತೆ ಇಣುಕಿತು. ಹೆಂಡತಿ ಅವನ ಮುಂದೆ ತಟ್ಟೆ ಕುಕ್ಕಿ ಇಡತೊಡಗಿದಳು. ಪಾಪ, ಸಂಕಟ, ಎಂದುಕೊಂಡ.

"ಗೋಡೇಲಿ ತೇವ ಇದೆ ಅಕ್ಕ," ಎಂದು ಸುಳ್ಳು ಹೇಳಿದ.

ಅಕ್ಕ ತಾನೇ ಪೇಂಟ್ ಅಂಗಡಿಗೆ ಹೋಗಿ ಪ್ರೈಮರ್ ಡಬ್ಬ ತಂದು ಕುಕ್ಕಿದಳು. "ಪೇಂಟರ್ ಮನೆಯವರಿಗೇ ಇದು ಗೊತ್ತಿಲ್ವಾ ಅಂತ ಅಂಗಡಿಯವನು ನಕ್ಕ. ಮಾನ ಹೋಯ್ತು. ಹೊಡಿ ಈಗ!"

ಇನ್ನು ನೆಪವಿರಲಿಲ್ಲ. ಅವನು ಮುಚ್ಚಳ ತೆರೆಯುತ್ತಿದ್ದಂತೆ ಹೆಂಡತಿ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತಳು.

"ಮೊದಲು ನನಗೊಂದು ಕೋಟು ಹೊಡೀರಿ."

"ನಿನಗೆ ನೋಡೋಕಾಗಲ್ಲ ಅಂತ ಅಕ್ಕ..."

"ನಿಮಗೆ ನೋಡೋಕಾಗಲ್ಲ ಅಂತಲ್ವಾ ಅತ್ತಿಗೆ ನನಗೆ ಹೇಳಿದ್ದು? ಅದಕ್ಕೇ ಬಾಯಿ ಮುಚ್ಕೊಂಡಿದ್ದೆ. ಎರಡು ಕೋಟು ಹೊಡೆದ್ರಲ್ಲ, ಕಟುಕರ ಹಾಗೆ!"

"ಪ್ರೈಮರ್ ಇಲ್ದೆ ಹೊಡೆದೆ ಕಣೇ. ಬಣ್ಣ ನಿಲ್ಲಬಾರದು ಅಂತಲೇ."

ಅಕ್ಕ ಕೆಮ್ಮಿದಳು.

"ಒಳಗೆ ಬಿಸಿನೀರಿದೆ, ಕುಡೀರಿ ಅತ್ತಿಗೆ," ಎಂದ ಹೆಂಡತಿ ಗೋಡೆಯತ್ತ ತಿರುಗಿ ಉಗುರಿನಿಂದ ಕೆರೆದಳು. ಮೇಣದ ಮೇಲೆ ಬಣ್ಣ ಹಿಡಿದಿರಲಿಲ್ಲ, ಸಿಪ್ಪೆಯಂತೆ ಎದ್ದು ಬಂತು. ಅವನೂ ಕೂತು ಕೆರೆದ. ಏಣಿ ಹತ್ತಿದ ಮನುಷ್ಯನೊಬ್ಬ ಹೊರಬಿದ್ದ.

"ಇದು ನೀವು."

"ಮೂರು ಕೈ ಯಾಕೆ?"

"ಒಂದ್ರಲ್ಲಿ ಬ್ರಷ್ಷು, ಒಂದ್ರಲ್ಲಿ ಡಬ್ಬ. ಅಪ್ಪ ಬೀಳಬಾರದಲ್ಲ, ಏಣಿ ಹಿಡ್ಕೊಳ್ಳೋಕೆ ಇನ್ನೊಂದು ಬೇಡ್ವಾ ಅಂದ್ಲು ಗುಬ್ಬಿ."

ಮಗಳ ಮುದ್ದಿನ ಹೆಸರು ಕೇಳಿ ಅವನು ನಕ್ಕ. ನಗು ಅರ್ಧಕ್ಕೇ ಅಳುವಾಯಿತು. ಹೆಂಡತಿ ಅವನ ಮಂಡಿಯ ಮೇಲೆ ಕೈಯಿಟ್ಟು, ಇನ್ನೊಂದು ಕೈಯಲ್ಲಿ ಕೆರೆಯುತ್ತಲೇ ಇದ್ದಳು.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅಲ್ಲಿಂದಲೇ ಕತ್ತು ಚಾಚಿ ಕೇಳಿದಳು:

"ನನ್ನನ್ನ ಎಲ್ಲಿ ಬರೆದಿದ್ದಾಳೆ?"

"ಆ ಕಡೆ ಇನ್ನೂ ಕೆರೆದಿಲ್ಲ ಅತ್ತಿಗೆ," ಎಂದು ಹೆಂಡತಿ ಸ್ವಲ್ಪ ಸರಿದು ಜಾಗ ಬಿಟ್ಟಳು.