ಕೂಸಿಗೆ ಕಾವು ಬಂದ ವಾರ

ನಂದಿದುರ್ಗದ ಗಣಿ ಲೈನುಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಕಟ್ಟಕಡೆಯದು ಮೊನೆಯವರದು. ಅದರಾಚೆ ಮನೆಗಳಿಲ್ಲ, ಚಿನ್ನ ತೆಗೆದ ಮೇಲೆ ಉಳಿದ ಪುಡಿಮಣ್ಣಿನ ದಿಬ್ಬ ಮಾತ್ರ. ಗಾಳಿ ಎದ್ದರೆ ಆ ಮಣ್ಣು ಹಾರಿಬಂದು ಎಲ್ಲರ ಮುದ್ದೆಯ ಮೇಲೂ ಕೂರುತ್ತಿತ್ತು. ಬೇರೆ ಲೈನಿನವರು ಕಣ್ಣು ಉಜ್ಜಿಕೊಂಡು ಒಳಗೆ ಓಡುತ್ತಿದ್ದರು. ಮೊನೆಯವರ ಕಣ್ಣಿಗೆ ಒಳಗಡೆ ಇನ್ನೊಂದು ತೆಳು ರೆಪ್ಪೆ ಇತ್ತು. ಅದನ್ನು ಇಳಿಸಿಕೊಂಡು ಅವರು ಧೂಳಿನಲ್ಲೇ ಕೂತು ಊಟ ಮುಗಿಸುತ್ತಿದ್ದರು.

ಮನುಷ್ಯರಂತೆಯೇ ಕೈಕಾಲು, ಮನುಷ್ಯರಂತೆಯೇ ಮಾತು. ಆದರೆ ಮೈ ಬೂದಿ ಬಣ್ಣ, ಬಾವಿಕಲ್ಲಿನಷ್ಟು ತಣ್ಣಗೆ. ಬೇರೆಯವರು ಹತ್ತು ಸಲ ಉಸಿರೆಳೆಯುವಷ್ಟರಲ್ಲಿ ಇವರದು ಒಂದು. ಅದಕ್ಕೇ ಗಣಿಯವರು ಇವರನ್ನು ಕಂಡರೆ ಬಿಡುತ್ತಿರಲಿಲ್ಲ. ಗಾಳಿಯಿಲ್ಲದ, ಬೆಂಕಿಯಂಥ ಆಳಕ್ಕೆ ಇವರನ್ನೇ ಇಳಿಸುತ್ತಿದ್ದರು. ಮೊಣಕೈಯಿಂದ ಹಿಂದಕ್ಕೆ ಗೇಣುದ್ದದ ಎಲುಬು ಚಾಚಿಕೊಂಡಿರುತ್ತಿತ್ತು. ಅದೇ ಮೊನೆ. ಹಿಂದೆ ಪಾಳೇಗಾರರ ಕೋಟೆಗಳಿಗೆ ಕೂಲಿಗೆ ಕಾದಾಡಿದ ಜನ ಇವರು. ಕೋಟೆಗಳು ಬಿದ್ದವು, ಕಾದಾಟ ಮಾತ್ರ ಮೈಯಲ್ಲಿ ಉಳಿಯಿತು.

ಪಾಪಕ್ಕ ಆ ಲೈನಿನವಳು. ಹೆಸರು ಮೆತ್ತಗಿದ್ದರೂ ಆಳು ಮೆತ್ತಗಿನವಳಲ್ಲ. ಮೊನೆಯವರಲ್ಲಿ ಹೆತ್ತವರು ಹೆಸರಿಡುವುದಿಲ್ಲ. ಮೊದಲ ಕಾಳಗದಲ್ಲಿ ಸೋತವರು ಗೆದ್ದವರಿಗೆ ಹೆಸರು ಕೊಡಬೇಕು. ಅಲ್ಲಿಯವರೆಗೆ ಎಲ್ಲ ಮಕ್ಕಳೂ ಬರೀ ಕೂಸು. ಪಾಪಕ್ಕನ ಕೈಯಲ್ಲಿ ಸೋತ ಹುಡುಗಿ ಬಂಡೆಯ ಮೇಲೆ ಬಿದ್ದಲ್ಲೇ ನಕ್ಕು, "ಓಗು, ಪಾಪಕ್ಕ ಅಂತ ಕರೀಲಿ ನಿನ್ನ ಎಲ್ರೂ" ಎಂದು ಅಣಕಿಸಿ ಕಣ್ಣು ಮುಚ್ಚಿದ್ದಳು. ಕೊಟ್ಟ ಹೆಸರನ್ನು ಬದಲಾಯಿಸುವಂತಿಲ್ಲ.

ಗಣಿ ಸರ್ಕಾರದ ಕೈಗೆ ಬಂದ ವರ್ಷದ ಚಳಿಗಾಲದಲ್ಲಿ, ಒಂದು ಗುರುವಾರ ಬೆಳಿಗ್ಗೆ, ಪಾಪಕ್ಕ ರಾಗಿ ಬೀಸುತ್ತಾ ಮಗಳನ್ನು ಎಬ್ಬಿಸಲು ಕಾಲಿನಿಂದ ತಿವಿದಳು. ಕೂಸು ಏಳಲಿಲ್ಲ. ಬಗ್ಗಿ ಹಣೆ ಮುಟ್ಟಿದಳು. ಕೈ ಚುರುಕ್ಕೆಂದಿತು.

ಮೊನೆಯವರ ಮೈ ಬಿಸಿಯಾಗುವುದು ಕಾವು ಬಂದಾಗ ಮಾತ್ರ. ಎಳೆಯ ಮೈಯಲ್ಲಿ ಮೊದಲ ಸಲ ಕಾವು ಏರಿದಾಗ ಮೆದುವಾಗಿದ್ದ ಮೊನೆ ಗಟ್ಟಿಯಾಗುತ್ತದೆ, ನೋವು ತಿಳಿಯದಂತಾಗುತ್ತದೆ, ಮಗು ಕಾಳಗಕ್ಕೆ ಹಾತೊರೆಯುತ್ತದೆ. ಆ ವಾರದೊಳಗೆ ಕಾದಾಡದಿದ್ದರೆ ಕಾವು ಒಳಗೇ ಸುಟ್ಟುಬಿಡುತ್ತದೆ ಎಂದು ಅವರ ನಂಬಿಕೆ. ಕಾವು ಬಂದ ಮಗುವನ್ನು ತಾಯಿ ಮುಟ್ಟುವಂತಿಲ್ಲ. ಮುಟ್ಟಿದರೆ ಆರಿಹೋಗುತ್ತದಂತೆ.

ಗಂಡ ಕೊಂಡಪ್ಪ ರಾತ್ರಿಪಾಳಿ ಮುಗಿಸಿ ಬಂದವನು ಮಗಳ ಕೆನ್ನೆ ಮುಟ್ಟಿ ನೋಡಿ, ಹೆಲ್ಮೆಟ್ಟು ತೆಗೆಯುವುದನ್ನೂ ಮರೆತು ಬೀದಿಗೆ ಓಡಿದ. "ನನ್ ಕೂಸಿಗೆ ಕಾವು ಬಂತು ಕಣ್ರೋ." ಲೈನಿನ ಬಾಗಿಲುಗಳೆಲ್ಲ ತೆರೆದುಕೊಂಡವು. ಮೊಣಕೈಗೆ ಮೊಣಕೈ ತಾಕಿಸಿ ಎಲ್ಲರೂ ಕೊಂಡಪ್ಪನನ್ನು ಕೊಂಡಾಡಿದರು.

ಪಾಪಕ್ಕ ಮಾತ್ರ ಬೀಸುಕಲ್ಲಿನ ಮುಂದೆಯೇ ಕೂತಿದ್ದಳು. ಅವಳಿಗೆ ಹಿಂದಿನ ವರ್ಷ ನೆನಪಾಗುತ್ತಿತ್ತು. ಪಕ್ಕದ ಮನುಷ್ಯರ ಲೈನಿನ ಕನಕಮ್ಮನ ಮನೆಯಲ್ಲಿ ಪಾತ್ರೆ ತೊಳೆಯಲು ಹೋಗುತ್ತಿದ್ದ ಕಾಲ. ಬೇಸಿಗೆಯಲ್ಲಿ ಕನಕಮ್ಮನ ಕಿರಿಮಗಳು ಪಾಪಕ್ಕನ ತಣ್ಣನೆ ತೋಳಿಗೆ ಕೆನ್ನೆ ಒತ್ತಿಕೊಂಡೇ ಕೂರುತ್ತಿದ್ದಳು. ಒಂದು ದಿನ ಆ ಕೆನ್ನೆ ಸುಡುತ್ತಿತ್ತು. ಪಾಪಕ್ಕ ಹಿಗ್ಗಿ ಮನೆಯಿಂದ ಬೆಲ್ಲ ತಂದು ಕನಕಮ್ಮನ ಕೈಗಿಟ್ಟು, "ಇಷ್ಟು ಎಳೇದಕ್ಕೇ ಕಾವು ಬಂದೈತೆ, ಪುಣ್ಯವಂತೆ ನೀನು" ಎಂದಿದ್ದಳು. ಕನಕಮ್ಮ ಬೆಲ್ಲವನ್ನು ನೋಡಿದಳು, ಪಾಪಕ್ಕನನ್ನು ನೋಡಿದಳು. ಬೈಯಲಿಲ್ಲ. "ಇದು ಜ್ವರ ಪಾಪಕ್ಕಾ" ಎಂದಳಷ್ಟೆ. ಮಗು ಉಳಿಯಲಿಲ್ಲ. ಆ ಮಗುವಿನ ಪಕ್ಕೆ ಹೇಗೆ ಏಳುತ್ತಾ ಬೀಳುತ್ತಾ ಇತ್ತೆಂದು ಪಾಪಕ್ಕ ಕಣ್ಣಾರೆ ಕಂಡಿದ್ದಳು.

ಈಗ ಇಲ್ಲಿ, ತನ್ನ ಕೂಸಿನ ಪಕ್ಕೆಯೂ ಹಾಗೆಯೇ ಏಳುತ್ತಾ ಬೀಳುತ್ತಾ ಇತ್ತು.

ಎಲ್ಲರೂ ಬೀದಿಯಲ್ಲಿದ್ದಾಗ ಅವಳು ಕಂಬಳಿಯೊಳಗೆ ಕೈ ಹಾಕಿ ಮಗಳ ಮೊನೆಯನ್ನು ಉಗುರಿನಿಂದ ಒತ್ತಿದಳು. ಹಸಿ ತೆಂಗಿನ ತಿರುಳಿನಲ್ಲಿ ಮೂಡಿದಂತೆ ಉಗುರಿನ ಗುರುತು ಮೂಡಿತು. ಗಟ್ಟಿಯಾಗಿರಲಿಲ್ಲ.

"ಇದು ಕಾವಲ್ಲ" ಎಂದಳು ಗಂಡನಿಗೆ. "ಜ್ವರ. ಮನುಷ್ಯರಿಗೆ ಬರೋದು."

ಕೊಂಡಪ್ಪ ನಕ್ಕ. "ನಮ್ಗೆಲ್ಲಮ್ಮೀ ಜ್ವರ? ಕಲ್ಲಿಗೆ ನೆಗಡಿ ಬತ್ತದಾ?"

"ಮೊನೆ ಮೆತ್ತಗೈತೆ. ಮುಟ್ಟಿ ನೋಡು."

ಅವನು ನಗು ನಿಲ್ಲಿಸಿದ. "ನೀನು ಮುಟ್ಟಿದ್ಯಾ?"

ಅವಳು ಉಗುರನ್ನು ಸೆರಗಿಗೆ ಒರೆಸಿಕೊಂಡಳು. ಅವನು ಬಾಗಿಲು ಎಳೆದುಕೊಂಡು ದನಿ ತಗ್ಗಿಸಿದ. "ಯಾರ್ ಮುಂದೇನೂ ಏಳ್ಬೇಡ. ಆರೋಯ್ತು ಅಂತ ತಿಳಿದ್ರೆ ಆ ಕೂಸಿಗೆ ಜನ್ಮಕ್ಕೂ ಎಸ್ರಿಲ್ಲ. ಎಸ್ರಿಲ್ದೋರಿಗೆ ನಮ್ಮಲ್ಲಿ ಅನ್ನ ಇಕ್ಕಲ್ಲ, ಗೊತ್ತಲ್ಲ ನಿಂಗೆ."

ಹಿರಿಯ ಕೋದಂಡಪ್ಪನ ಬಳಿಗೆ ಅವಳೇ ಹೋದಳು. ಅವನ ಮೈಮೇಲೆ ಬೂದಿ ತುಂಬಿದ ಗಾಯದ ಗೆರೆಗಳು ಎಷ್ಟಿದ್ದವೆಂದರೆ, ಸಂಜೆ ಮಕ್ಕಳನ್ನು ಕೂರಿಸಿಕೊಂಡು ಒಂದೊಂದು ಗೆರೆಗೂ ಒಂದೊಂದು ಕತೆ ಹೇಳುತ್ತಿದ್ದ. ಅವನ ಮೊಮ್ಮಗನಿಗೂ ಅದೇ ವಾರ ಕಾವು ಬಂದಿತ್ತು. ಮೊನೆ ಗಟ್ಟಿಯಾಗಿ, ತುದಿ ಬೆಳ್ಳಗೆ ಹೊಳೆಯುತ್ತಿದ್ದ ಹುಡುಗ. ಜೋಡಿ ಸಿಗದೆ ಗೋಡೆಗೆ ಗುದ್ದುತ್ತಾ ಓಡಾಡುತ್ತಿದ್ದ.

"ಕೂಸಿನ ಮೊನೆ ಇನ್ನೂ ಮೆತ್ತಗಿರ್ಬೌದು ತಾತ. ವಾರ ತುಂಬೋವರ್ಗೂ ತಡೀರಿ" ಎಂದಳು.

"ಕಾದಾಡ್ತಾ ಕಾದಾಡ್ತಾ ಗಟ್ಟಿಯಾಗ್ತದೆ ಬಿಡಮ್ಮ. ನಂದೂ ಅಂಗೇ ಆಗಿದ್ದು." ಮುದುಕ ಅವಳನ್ನೇ ದಿಟ್ಟಿಸಿದ. "ನಿಂಗೇನು, ಮನುಷ್ಯರ ಪಾತ್ರೆ ತೊಳ್ದು ಕರ್ಳು ಮೆತ್ತಗಾಯ್ತಾ? ಬಾನುವಾರ ಬಂಡೆ ತಾವ. ಮುಗೀತು."

ಹೆಸರಿನ ಬಂಡೆ ಇದ್ದದ್ದು ಬಂಗಾರಪೇಟೆಯಾಚೆಯ ಗುಡ್ಡದ ಮೇಲೆ. ಭಾನುವಾರ ಇಡೀ ಲೈನು ಮಾರಿಕುಪ್ಪಂ ಸ್ಟೇಷನ್ನಿಗೆ ನಡೆದು ಬೆಳಗಿನ ರೈಲು ಹತ್ತಿತು. ಬೋಗಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದವರು ಸರಿದು ಜಾಗ ಬಿಟ್ಟರು. ಕೂಸನ್ನು ಅಪ್ಪ ಹೊತ್ತಿದ್ದ. ಅವಳ ತುಟಿ ಒಣಗಿ ಒಡೆದಿತ್ತು. ಕಿಟಕಿಯ ಗಾಳಿಗೆ ನಡುಗುತ್ತಿದ್ದಳು. "ನೋಡ್ರೋ, ಕಾದಾಡೋಕೆ ಎಂಗೆ ಕುದೀತದೆ" ಎಂದು ಯಾರೋ ಮೆಚ್ಚಿದರು. ಪಾಪಕ್ಕ ಎದುರು ಬೆಂಚಿನಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದಳು. ಒಳರೆಪ್ಪೆ ತನ್ನಷ್ಟಕ್ಕೆ ತಾನೇ ಇಳಿಯುತ್ತಿತ್ತು. ಮೊನೆಯವರಿಗೆ ಕಣ್ಣೀರಿಲ್ಲ, ದುಃಖ ಬಂದರೆ ಹೀಗೆ ಮಂಜು ಕವಿಯುತ್ತದೆ, ಅಷ್ಟೆ.

ಆ ಮಂಜಿನೊಳಗೆ ಅವಳು ಒಂದೇ ವಿಷಯವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಗೆದ್ದವರಿಗೆ ಮಾತ್ರ ಆರೈಕೆ. ಗೆದ್ದ ಮಗುವನ್ನು ನೆರಳಲ್ಲಿ ಮಲಗಿಸುತ್ತಾರೆ, ಗಂಜಿ ಕುಡಿಸುತ್ತಾರೆ, ತಿಂಗಳಾಗುವವರೆಗೆ ಯಾರೂ ಕಾಳಗಕ್ಕೆ ಕರೆಯುವಂತಿಲ್ಲ. ಕೂಸು ಉಳಿಯಬೇಕಾದರೆ ಗೆಲ್ಲಬೇಕು. ಕೋದಂಡಪ್ಪನ ಮೊಮ್ಮಗನ ಎದುರು ಅದು ಒಂದು ಗಳಿಗೆಯೂ ನಿಲ್ಲುವುದಿಲ್ಲ.

ಬಂಡೆಯ ಸುತ್ತ ಜನ ನಿಂತರು. ಕೊಂಡಪ್ಪ ಮಗಳನ್ನು ಮಧ್ಯಕ್ಕೆ ಬಿಟ್ಟು ಹಿಂದೆ ಸರಿದ. ಹುಡುಗಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಎಲ್ಲಿದ್ದೇನೆಂದು ತಿಳಿಯದವಳಂತೆ ತೂಗಾಡುತ್ತಾ ನಿಂತಳು. ಆ ಕಡೆಯಿಂದ ಹುಡುಗ ಅಂಗಿ ಕಳಚುತ್ತಿದ್ದ.

"ಈ ಕಾಳಗ ನಂದು" ಎಂದಳು ಪಾಪಕ್ಕ.

ಎಲ್ಲರೂ ಅವಳತ್ತ ತಿರುಗಿದರು. ಹೆಸರಿದ್ದವರು ಹೆಸರಿಲ್ಲದವರ ಮೊದಲ ಕಾಳಗವನ್ನು ಕೇಳಬಹುದು, ಕಟ್ಟಳೆಯಲ್ಲಿ ಅದು ಇತ್ತು. ಆದರೆ ಯಾರೂ ಕೇಳುತ್ತಿರಲಿಲ್ಲ. ಗೆದ್ದರೆ ಎಳೆಯದನ್ನು ಕೊಂದ ಅಪಕೀರ್ತಿ. ಸೋತರೆ, ಜೀವ ಉಳಿದರೂ ಮೊನೆ ಹೋಗುತ್ತದೆ, ಕುಲ ಹೋಗುತ್ತದೆ.

"ತಾಯಾಗಿ?" ಎಂದ ಕೋದಂಡಪ್ಪ.

"ಕಟ್ಟಳೇಲಿ ತಾಯಿ ಆಗ್ಬಾರ್ದು ಅಂತ ಇಲ್ವಲ್ಲ ತಾತ."

ಮುದುಕ ಅಂಥ ಕಟ್ಟಳೆ ಇಲ್ಲವೆಂದು ತಲೆಯಾಡಿಸಿದ. ಹುಡುಗ ಸಿಡುಕುತ್ತಾ ಅಂಗಿ ಹಾಕಿಕೊಂಡ, ಅವನಿಗೆ ಇನ್ನು ಬೇರೆ ಜೋಡಿ ಹುಡುಕಬೇಕಿತ್ತು. ಕೊಂಡಪ್ಪ ಹೆಂಡತಿಯನ್ನು ನೋಡಿದ. ಏನು ಮಾಡಲಿದ್ದಾಳೆಂದು ಅವನಿಗೆ ತಿಳಿಯಿತೋ ಏನೋ, ಕಣ್ಣಿಗೆ ಒಳರೆಪ್ಪೆ ಇಳಿಸಿಕೊಂಡ.

ಪಾಪಕ್ಕ ಬಂಡೆ ಹತ್ತಿದಳು. ಮೊನೆ ಮೇಲೆತ್ತಿ, ಹಳೆಯ ಕಾಳಗದ ಕೂಗು ಹಾಕಿದಳು. ಕೂಸು ಬೆಚ್ಚಿ ಅವಳತ್ತ ಎರಡು ಹೆಜ್ಜೆ ಇಟ್ಟಿತು. "ಅಮ್ಮಾ, ಚಳಿ" ಎಂದಿತು. ಅದು ಪಾಪಕ್ಕನೊಬ್ಬಳಿಗೇ ಕೇಳಿಸಿತು. ಅವಳು ನುಗ್ಗಿ ಹೋಗಿ ಮಗಳನ್ನು ಎದೆಗೆ ಅಪ್ಪಿ ಹಿಡಿದಳು. ನೋಡುವವರಿಗೆ ಅದು ಪಟ್ಟಿನಂತೆ ಕಂಡಿತು. ಮೂರು ದಿನಗಳಿಂದ ಮುಟ್ಟದ ಮೈ. ಒಲೆಯ ಹಾಗೆ ಸುಡುತ್ತಿತ್ತು. ಹುಡುಗಿಯ ತೋಳನ್ನು ತನ್ನ ಪಕ್ಕೆಗೆ ಎಳೆದುಕೊಂಡು, ಅದರ ಮರೆಯಲ್ಲಿ ತನ್ನದೇ ಮೊನೆಯನ್ನು ತನ್ನ ಪಕ್ಕೆಲುಬುಗಳ ನಡುವೆ ಇಳಿಸಿ ಎಳೆದಳು. ಕಾವು ಏರದ ಮೈಗೆ ನೋವು ಪೂರ್ತಿಯಾಗಿ ತಿಳಿಯುತ್ತದೆ. ಅವಳು ಹಲ್ಲು ಕಚ್ಚಿ, ಮಗಳನ್ನು ನೆಟ್ಟಗೆ ನಿಲ್ಲಿಸಿ, ಕೈ ಬಿಟ್ಟು ಬಿದ್ದಳು.

ಕಪ್ಪು ರಕ್ತ ನಿಧಾನವಾಗಿ ಬಂಡೆಯ ಮೇಲೆ ಹರಡಿತು. ಕೂಸು ನಿಂತೇ ಇತ್ತು. ಸುತ್ತಲಿನವರು ಮೊಣಕೈ ಬಡಿದು ಗೆಲುವು ಸಾರಿದರು.

"ಎಸ್ರು ಕೊಡು" ಎಂದ ಕೋದಂಡಪ್ಪ, ಅವಳ ಮುಖ ನೋಡದೆ.

"ಮಾರಿಯಮ್ಮ" ಎಂದಳು ಪಾಪಕ್ಕ.

ಸೋತವರ ಮೊನೆಯನ್ನು ಮನೆಯವರೇ ಕಡಿಯಬೇಕು. ಕೊಂಡಪ್ಪ ಗಣಿಯಿಂದ ತಂದ ಉಳಿಯಿಂದ ಆ ಕೆಲಸ ಮಾಡಿದ. ಬಗ್ಗಿದಾಗ ಅವನು ಕಿವಿಯ ಹತ್ತಿರ, "ಕೂಸ್ನ ಕಂಬಳಿ ಸುತ್ತಿ ಮಲಗಿಸ್ತೀನಿ, ಬಿಡು" ಎಂದ. ಅವರಿಬ್ಬರ ನಡುವಿನ ಕೊನೆಯ ಮಾತು ಅದು.

ನಿಧಾನದ ರಕ್ತ ಬೇಗ ಬತ್ತುವುದಿಲ್ಲ. ಪಕ್ಕೆಗೆ ಸೆರಗು ಬಿಗಿದುಕೊಂಡು ಅವಳು ಸಂಜೆಯ ರೈಲಿನಲ್ಲಿ ಒಬ್ಬಳೇ ಹಿಂತಿರುಗಿ ಕನಕಮ್ಮನ ಜಗಲಿಯಲ್ಲಿ ಕುಸಿದಳು. ಗಾಯ ನೋಡಲು ಬಂದ ಕನಕಮ್ಮನ ಕೈ ಹಿಡಿದು, ಮೊದಲು ಮಗಳ ಮಾತೆತ್ತಿದಳು. ಗೆದ್ದವರಿಗೆ ಹೊರಗಿನವರು ಕಾಣಿಕೆ ಕೊಟ್ಟರೆ ಮೊನೆಯವರು ಬೇಡವೆನ್ನುವುದಿಲ್ಲ. ಕನಕಮ್ಮ ಆಸ್ಪತ್ರೆಯಿಂದ ಜ್ವರದ ಗುಳಿಗೆ ತಂದು, ಬೆಲ್ಲದುಂಡೆಯೊಳಗೆ ಅಡಗಿಸಿ, ಕಾಣಿಕೆಯೆಂದು ದಿನವೂ ಆ ಲೈನಿಗೆ ಒಯ್ದಳು. ಒಂದು ಮಧ್ಯಾಹ್ನ ಬಂದು ಪಾತ್ರೆ ಕೆಳಗಿಟ್ಟು, "ತಣ್ಣಗಾದ್ಳು ಪಾಪಕ್ಕಾ. ಗಂಜಿ ಬೇಡ, ಮುದ್ದೆ ಕೊಡಿ ಅಂತ ಜಗಳ ಆಡ್ತಾವ್ಳೆ" ಎಂದಳು.

ಬೇಸಿಗೆಯ ಹೊತ್ತಿಗೆ ಮಾರಿಯಮ್ಮನಿಗೆ ನಿಜವಾದ ಕಾವು ಬಂತು. ಹೆಸರಿದ್ದವರಿಗೆ ಕಾವು ಬಂದರೆ ಯಾರೂ ಲೆಕ್ಕಕ್ಕಿಡುವುದಿಲ್ಲ. ಮೊನೆ ಗಟ್ಟಿಯಾಯಿತು, ಅಷ್ಟೆ.

ಸೋತವರನ್ನು ಗೆದ್ದವರು ನೋಡುವಂತಿಲ್ಲ. ನಲ್ಲಿಯ ಹತ್ತಿರ ಎದುರಾದರೆ ಮಾರಿಯಮ್ಮ ಖಾಲಿ ಜಾಗವನ್ನು ದಾಟುವಂತೆ ದಾಟಿ ಹೋಗುತ್ತಿದ್ದಳು. ಒಂದು ದಿನ ಮಾತ್ರ ಪಾಪಕ್ಕ ಬಿಂದಿಗೆ ತೊಳೆಯುತ್ತಿದ್ದಾಗ ಬಂದು, ಬೆನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ನಿಂತಳು.

"ನಾನು ಗ್ವಾಡೆನ ಕೇಳ್ತಾ ಇವ್ನಿ" ಎಂದಳು. "ಅವತ್ತು ನಾನ್ ಒಡ್ದಿದ್ದು ನಂಗೆ ಗ್ಯಾಪ್ಕನೇ ಇಲ್ಲ. ಕೋದಂಡಪ್ಪನ ಮೊಮ್ಮಗ ಆಡ್ಕೊಂತಾನೆ, ನಿಮ್ಮಮ್ಮ ಸುಳ್ಳೇ ಬಿದ್ದವ್ಳೆ ಅಂತಾನೆ. ಅದು ದಿಟವಾದ್ರೆ ನನ್ನೆಸ್ರು ಎಸ್ರಲ್ಲ. ಮತ್ತೆ ಬಂಡೆ ಅತ್ತಬೇಕು, ಅವನ್ ಎದ್ರು."

ಪಾಪಕ್ಕ ಆ ಬೆನ್ನನ್ನು ನೋಡಿದಳು. ಅಗಲವಾಗಿ ಬೆಳೆಯುತ್ತಿತ್ತು. ಜಡೆ ಸರಿಯಾಗಿ ಹೆಣೆದಿರಲಿಲ್ಲ.

"ಕಾವಿನಾಗೆ ಒಡ್ದಿದ್ದು ಯಾರ್ಗೂ ಗ್ಯಾಪ್ಕ ಇರಲ್ಲ" ಎಂದಳು. "ನೀನೇ ಒಡ್ದಿದ್ದು. ನಾನು ಎಷ್ಟು ಮಾಡಿದ್ರೂ ತಡ್ಯಾಕಾಗ್ಲಿಲ್ಲ."

"ಅಷ್ಟು ಸುಲಭವಾಗಾ?"

"ಊಂ."

ಮಾರಿಯಮ್ಮನ ಭುಜ ಸಡಿಲವಾಯಿತು, ಮೂಗಿನಲ್ಲಿ ಸಣ್ಣದಾಗಿ ನಕ್ಕಳು.

"ಕೈಲಾಗ್ದೋಳು, ಯಾಕೆ ಬರ್ಬೇಕಿತ್ತು ಬಂಡೆ ಮೇಲಕ್ಕೆ" ಎಂದು ಗೋಡೆಗೆ ಹೇಳಿ ತಮ್ಮ ಲೈನಿನತ್ತ ನಡೆದಳು. ಪಾಪಕ್ಕ ಬಿಂದಿಗೆಯನ್ನು ನಲ್ಲಿಯ ಕೆಳಗಿಟ್ಟು, ತುಂಬುವವರೆಗೆ ಅಲ್ಲೇ ನಿಂತಳು.